ಬಾಣಂತಿಯ ಪ್ರಾಣ, ಸಂಶೋಧನೆಯ ಋಣ

ವೈದ್ಯಕೀಯ ಸಂಶೋಧನೆ ಎಂದೊಡನೆ ನಮ್ಮ ಕಣ್ಣೆದುರು ಬರುವುದು ದೊಡ್ಡ ನಗರದ ಪ್ರಯೋಗಾಲಯ, ಗಾಜಿನ ನಳಿಗೆಗಳು, ಸೂಕ್ಷ್ಮದರ್ಶಕದ ಮೇಲೆ ಬಾಗಿದ ವಿಜ್ಞಾನಿ. ಹೈದರಾಬಾದು–ಪುಣೆ ಹೆದ್ದಾರಿಯ ಮೇಲಿರುವ ಹುಮನಾಬಾದಿಗೂ, ಅದರಾಚೆ ಶರಣರು ನಡೆದಾಡಿದ ಬಸವಕಲ್ಯಾಣಕ್ಕೂ ಇಂತಹ ಸಂಶೋಧನೆಗೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ಸಂಬಂಧವಿದೆ, ಅದು ಬಹಳ ಹತ್ತಿರದ್ದೂ ಹೌದು. ಕಳೆದ ಎರಡು ದಶಕಗಳಲ್ಲಿ ಹೆರಿಗೆಯ ಸಮಯದ ಸಾವುಗಳನ್ನು ತಡೆಯುವ ಬಗೆಗೆ ಜಗತ್ತು ಕಲಿತ ಕೆಲವು ಮುಖ್ಯ ಪಾಠಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿಯೇ, ನಮ್ಮ ಬಡ ತಾಯಂದಿರ ಸಹಕಾರದಿಂದಲೇ ಹುಟ್ಟಿದವು. ಆ ಪಾಠಗಳ ಫಲ ಅದೇ ತಾಯಂದಿರ ಮನೆಬಾಗಿಲಿಗೆ ಮರಳಿ ಬಂದಿದೆಯೇ? ಈ ವಾರ ನಮ್ಮ ಕುಟುಂಬಗಳು ಒಟ್ಟಿಗೆ ಕುಳಿತು ಯೋಚಿಸಬೇಕಾದ ಪ್ರಶ್ನೆ ಇದು.

ಬೀದರ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಮೂರು ರಾಜ್ಯಗಳ ಗಡಿ ಕೂಡುವ ಸೀಮೆಯವು. ಹುಲಸೂರು ಮತ್ತು ಚಿಟಗುಪ್ಪ ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾಗುವ ಮುನ್ನ ಅವು ಕ್ರಮವಾಗಿ ಬಸವಕಲ್ಯಾಣ ಮತ್ತು ಹುಮನಾಬಾದಿಗೇ ಸೇರಿದ್ದವು. ಇಲ್ಲಿಯ ಮನೆಗಳಲ್ಲಿ ಕನ್ನಡದ ಜೊತೆಗೆ ಮರಾಠಿ, ದಖನಿ ಉರ್ದು, ತೆಲುಗು ಕೇಳಿಬರುತ್ತವೆ. ಹೆಣ್ಣು ಕೊಡುವುದು ತರುವುದು ಗಡಿಯಾಚೆಗೂ ಉಂಟು: ಗಂಡನ ಮನೆ ಬಸವಕಲ್ಯಾಣವಾದರೆ ತವರು ಮಹಾರಾಷ್ಟ್ರದ ಉಮರ್ಗಾ ಇರಬಹುದು, ಗಂಡನ ಮನೆ ಹುಮನಾಬಾದಾದರೆ ತವರು ತೆಲಂಗಾಣದ ಜಹೀರಾಬಾದ್ ಇರಬಹುದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ನಮ್ಮದು. ಹೀಗಾಗಿ ಗರ್ಭಿಣಿಯ ದಾಖಲೆ ಒಂದು ರಾಜ್ಯದಲ್ಲಿ, ಹೆರಿಗೆ ಇನ್ನೊಂದು ರಾಜ್ಯದಲ್ಲಿ ಆಗುವುದುಂಟು. ಇಂತಹ ಸೀಮೆಯಲ್ಲಿ ಒಬ್ಬ ತಾಯಿಯೂ ಲೆಕ್ಕದಿಂದ ಜಾರಿಹೋಗದಂತೆ ನೋಡಿಕೊಳ್ಳುವುದು ಸುಲಭದ ಮಾತಲ್ಲ.

ಎರಡು ಗಂಟೆಗಳ ಅವಧಿ

ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುಷ್ಟಿಯಂತೆ ಕುಗ್ಗಬೇಕು. ಹಾಗೆ ಕುಗ್ಗಿದಾಗ ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಹಿಸುಕಿದಂತಾಗಿ ಮುಚ್ಚಿಕೊಳ್ಳುತ್ತವೆ. ಗರ್ಭಕೋಶ ಸಡಿಲವಾಗಿಯೇ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಹೆರಿಗೆಯ ನಂತರ 500 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ವೈದ್ಯರು ಪ್ರಸವೋತ್ತರ ರಕ್ತಸ್ರಾವವೆಂದು ಕರೆಯುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 70,000 ತಾಯಂದಿರು ಇದೊಂದೇ ಕಾರಣದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಬಡ ದೇಶಗಳವರು.

ಈ ರೋಗದ ಕ್ರೌರ್ಯವಿರುವುದು ಅದರ ವೇಗದಲ್ಲಿ. ತೀವ್ರ ರಕ್ತಸ್ರಾವ ಆರಂಭವಾದ ಮೇಲೆ, ಚಿಕಿತ್ಸೆ ಸಿಗದಿದ್ದರೆ, ಆರೋಗ್ಯವಂತ ಹೆಣ್ಣುಮಗಳೂ ಸುಮಾರು ಎರಡು ಗಂಟೆಗಳಲ್ಲಿ ಪ್ರಾಣ ಕಳೆದುಕೊಳ್ಳಬಹುದು. ಹುಮನಾಬಾದಿನಿಂದ ಜಿಲ್ಲಾ ಕೇಂದ್ರ ಬೀದರಿಗೆ ಸುಮಾರು 50 ಕಿಲೋಮೀಟರ್, ಬಸವಕಲ್ಯಾಣದಿಂದ ಸುಮಾರು 80. ಹಳ್ಳಿಯಿಂದ ಹೆದ್ದಾರಿಗೆ ಬರುವ ಹಾದಿ ಬೇರೆ. ವಾಹನ ಹುಡುಕಿ, ಹಿರಿಯರನ್ನು ಕೇಳಿ, ಹಣ ಹೊಂದಿಸಿ ಹೊರಡುವಷ್ಟರಲ್ಲಿಯೇ ಆ ಎರಡು ಗಂಟೆಗಳು ಕಳೆದುಹೋಗುತ್ತವೆ. ಮೊದಲೇ ರಕ್ತಹೀನತೆ ಇದ್ದವಳಾದರೆ ಅಷ್ಟು ಹೊತ್ತೂ ಉಳಿಯಲಾರಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು.

ರಕ್ತಸ್ರಾವ ತಡೆಯಲು ಔಷಧವೇ ಇರಲಿಲ್ಲವೆಂದಲ್ಲ. ಆಕ್ಸಿಟೋಸಿನ್ ಚುಚ್ಚುಮದ್ದು ಗರ್ಭಕೋಶವನ್ನು ಕುಗ್ಗಿಸುತ್ತದೆ. ಇಂದಿಗೂ ಮೊದಲ ಆಯ್ಕೆ ಅದೇ. ಆದರೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಸೂಜಿ ಬೇಕು, ಚುಚ್ಚಲು ತರಬೇತಿ ಪಡೆದ ಕೈ ಬೇಕು. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ, ವಿದ್ಯುತ್ತು ಹೇಳದೆ ಕೇಳದೆ ಹೋಗುವ ಊರುಗಳಲ್ಲಿ ಈ ಔಷಧ ಸತ್ವ ಕಳೆದುಕೊಳ್ಳುವ ಭಯ ಇದ್ದೇ ಇದೆ. ಹಾಗಾದರೆ ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರುವ ತಾಯಿಗೆ ಏನು ದಾರಿ? ಈ ಪ್ರಶ್ನೆಯನ್ನು ಹಿಡಿದು ಹೊರಟ ಒಂದು ಪರೀಕ್ಷೆ ನಮ್ಮ ರಾಜ್ಯದ ಬೆಳಗಾವಿ ಜಿಲ್ಲೆಯಲ್ಲಿ ನಡೆಯಿತು.

ಬೆಳಗಾವಿಯ ಹಳ್ಳಿಗಳಲ್ಲಿ

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಕೂಡಿ ಈ ಅಧ್ಯಯನ ನಡೆಸಿದರು. ಭಾರತದ ಕಡೆಯಿಂದ ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ, ಅಮೆರಿಕದಿಂದ ಡಾ. ರಿಚರ್ಡ್ ಡರ್ಮನ್ ಮೊದಲಾದವರು ಇದರಲ್ಲಿದ್ದರು. ಆದರೆ ಈ ಕೆಲಸದ ನಿಜವಾದ ಭಾರ ಹೊತ್ತವರು 25 ಮಂದಿ ಕಿರಿಯ ಆರೋಗ್ಯ ಸಹಾಯಕಿಯರು, ನಮ್ಮ ಹಳ್ಳಿಗಳಲ್ಲಿ ‘ಸಿಸ್ಟರ್’ ಎಂದೇ ಕರೆಸಿಕೊಳ್ಳುವ ದಾದಿಯರು. ಹೆರಿಗೆ ಮಾಡಿಸಿದವರು ಅವರು, ಔಷಧ ಕೊಟ್ಟವರು ಅವರು, ರಕ್ತ ಅಳೆದವರೂ ಅವರೇ.

ಪರೀಕ್ಷೆಗೆ ಒಳಪಟ್ಟ ಔಷಧದ ಹೆಸರು ಮಿಸೊಪ್ರೊಸ್ಟಾಲ್. ಅಗ್ಗದ ಗುಳಿಗೆ, ಶೀತಪೆಟ್ಟಿಗೆ ಬೇಡ, ಸೂಜಿ ಬೇಡ, ಬಾಯಿಂದ ನುಂಗಿದರೆ ಸಾಕು. 1,620 ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. 812 ಮಂದಿಗೆ ಮಗು ಹುಟ್ಟಿದ ಕೂಡಲೆ ಗುಳಿಗೆ ಕೊಟ್ಟರು. 808 ಮಂದಿಗೆ ನೋಟಕ್ಕೆ ಅದರಂತೆಯೇ ಇರುವ, ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. ಯಾರಿಗೆ ಯಾವುದು ಎಂಬುದು ತಾಯಿಗೂ ತಿಳಿಯದು, ಕೊಟ್ಟ ದಾದಿಗೂ ತಿಳಿಯದು. ಪಕ್ಷಪಾತ ನುಸುಳದಿರಲೆಂದು ವಿಜ್ಞಾನ ಕಂಡುಕೊಂಡ ಶಿಸ್ತು ಇದು.

ಫಲಿತಾಂಶ 2006ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಸಿ ಗುಳಿಗೆ ಪಡೆದವರಲ್ಲಿ ಶೇ. 12ರಷ್ಟು ಮಂದಿಗೆ ರಕ್ತಸ್ರಾವವಾಗಿದ್ದರೆ, ಔಷಧ ಪಡೆದವರಲ್ಲಿ ಅದು ಶೇ. 6.4ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ ಶೇ. 1.2ರಿಂದ ಶೇ. 0.2ಕ್ಕೆ ಇಳಿದಿತ್ತು. ಸರಳವಾಗಿ ಹೇಳುವುದಾದರೆ, 18 ತಾಯಂದಿರಿಗೆ ಗುಳಿಗೆ ಕೊಟ್ಟರೆ ಅವರಲ್ಲೊಬ್ಬಳನ್ನು ರಕ್ತಸ್ರಾವದಿಂದ ಕಾಪಾಡಿದಂತೆ. ಚಳಿ, ಜ್ವರದಂತಹ ತಾತ್ಕಾಲಿಕ ತೊಂದರೆಗಳು ಔಷಧ ಪಡೆದವರಲ್ಲಿ ಹೆಚ್ಚಾಗಿದ್ದವು ಎಂಬುದನ್ನೂ ಸಂಶೋಧಕರು ಮುಚ್ಚಿಡಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ದೊರೆಯದ ಕಡೆಗಳಲ್ಲಿ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿಯ ತಾಯಂದಿರು ಕೊಟ್ಟ ಸಾಕ್ಷ್ಯ ಹೀಗೆ ಜಗತ್ತಿನ ಬಡ ತಾಯಂದಿರಿಗೆಲ್ಲ ನೆರವಾಯಿತು.

ಇನ್ನೊಂದು ಸಂಗತಿ ಗಮನಾರ್ಹ. ಅಧ್ಯಯನ ಮುಂದುವರಿದಂತೆ ಹುಸಿ ಗುಳಿಗೆ ಪಡೆದ ಗುಂಪಿನಲ್ಲಿಯೂ ರಕ್ತಸ್ರಾವದ ಪ್ರಮಾಣ ಇಳಿಯುತ್ತ ಬಂದಿತು. ಪಕ್ಕದಲ್ಲಿ ಕುಳಿತು ಎಚ್ಚರದಿಂದ ನೋಡಿಕೊಳ್ಳುವ ಶಿಸ್ತು ಬಂದಾಗ ಆರೈಕೆಯೂ ತಾನಾಗಿ ಸುಧಾರಿಸುತ್ತದೆಂದು ಇದರಿಂದ ಊಹಿಸಬಹುದು.

ಅಳೆಯುವ ಚೀಲ

ಅದೇ ಅಧ್ಯಯನ ಜಗತ್ತಿಗೆ ಇನ್ನೊಂದು ಸರಳ ಸಾಧನವನ್ನೂ ಕೊಟ್ಟಿತು. ಎಷ್ಟು ರಕ್ತ ಹೋಯಿತೆಂದು ಅಳೆಯುವುದು ಹೇಗೆ? ಅಲ್ಲಿಯವರೆಗೆ ತೊಯ್ದ ಬಟ್ಟೆ, ನೆಲದ ಮೇಲಿನ ಕಲೆ ನೋಡಿ ಕಣ್ಣಂದಾಜಿನಿಂದ ಹೇಳುತ್ತಿದ್ದರು. ಸಂಶೋಧಕರು ಆಲಿಕೆಯಾಕಾರದ, ಅಳತೆಯ ಗೆರೆಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಚೀಲವೊಂದನ್ನು ರೂಪಿಸಿ ತಾಯಿಯ ಕೆಳಗೆ ಹಾಸಿದರು. ಕಣ್ಣಂದಾಜು ಚೀಲದ ಅಳತೆಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ ಬರುತ್ತದೆಂಬುದು ಆಗ ತಿಳಿಯಿತು. ಎಂದರೆ, “ಅಷ್ಟೇನೂ ಹೋಗಿಲ್ಲ ಬಿಡಿ” ಎನ್ನುವ ಹೊತ್ತಿಗೆ ತಾಯಿ ಅಪಾಯದ ಅಂಚಿಗೆ ಬಂದಿರುತ್ತಾಳೆ.

ಇಂತಹ ಅಳತೆಯ ಚೀಲವನ್ನೇ ಮೊದಲ ಹೆಜ್ಜೆಯಾಗಿಟ್ಟುಕೊಂಡ ದೊಡ್ಡ ಅಧ್ಯಯನವೊಂದು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆಯಿತು. ಅದರ ಫಲಿತಾಂಶ ಹೊರಬಂದದ್ದು 2023ರಲ್ಲಿ. ಚೀಲದಿಂದ ಬೇಗ ಪತ್ತೆ ಹಚ್ಚುವುದು, ಹೊಟ್ಟೆ ನೀವುವುದು, ಔಷಧ, ಸಲೈನು, ಪರೀಕ್ಷೆ, ಮೇಲಿನವರಿಗೆ ಕರೆ, ಇವನ್ನೆಲ್ಲ ಒಂದರ ನಂತರ ಒಂದೆಂದು ಕಾಯದೆ ಒಟ್ಟಿಗೇ ಮಾಡಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದ ಸ್ಥಿತಿ ಅಥವಾ ಸಾವು ಶೇ. 60ರಷ್ಟು ಕಡಿಮೆಯಾಯಿತು. ಇದರಲ್ಲಿ ಹೊಸ ಔಷಧವೇನೂ ಇರಲಿಲ್ಲ. ಬೇಗ ಕಾಣುವುದು, ಕೂಡಲೆ ಕೈ ಹಚ್ಚುವುದು, ಇಷ್ಟೇ.

ಔಷಧದ ಹುಡುಕಾಟವೂ ನಿಲ್ಲಲಿಲ್ಲ. ಬಿಸಿಲಿಗೆ ಕೆಡದ ಕಾರ್ಬೆಟೋಸಿನ್ ಎಂಬ ಚುಚ್ಚುಮದ್ದನ್ನು ಭಾರತವೂ ಸೇರಿದಂತೆ 10 ದೇಶಗಳ ಸುಮಾರು 30,000 ತಾಯಂದಿರಲ್ಲಿ ಪರೀಕ್ಷಿಸಿ, ಅದು ರಕ್ತಸ್ರಾವ ತಡೆಯುವಲ್ಲಿ ಆಕ್ಸಿಟೋಸಿನ್ನಿಗೆ ಕಡಿಮೆಯಿಲ್ಲವೆಂದು 2018ರಲ್ಲಿ ತೋರಿಸಲಾಯಿತು. ಶೀತಪೆಟ್ಟಿಗೆಯ ಭರವಸೆಯಿಲ್ಲದ ಊರುಗಳಿಗೆ ಇದು ಶುಭವಾರ್ತೆ.

ಗುಳಿಗೆಯೂ ನಮ್ಮ ವಿಶ್ವಾಸವೂ

ಇಲ್ಲಿ ಕಥೋಲಿಕ ಓದುಗರ ಮನಸ್ಸಿನಲ್ಲಿ ಒಂದು ಶಂಕೆ ಏಳುವುದು ಸಹಜ. ಮಿಸೊಪ್ರೊಸ್ಟಾಲ್ ಗರ್ಭಪಾತಕ್ಕೂ ಬಳಕೆಯಾಗುವ ಔಷಧವಲ್ಲವೇ? ಹೌದು. ಗರ್ಭದಲ್ಲಿರುವ ಕೂಸಿನ ಜೀವ ತೆಗೆಯುವ ಬಳಕೆಯನ್ನು ಧರ್ಮಸಭೆ ಎಂದಿಗೂ ಒಪ್ಪದು. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಜೀವದ ಕುರಿತಾದ ತಮ್ಮ ವಿಶ್ವಪತ್ರದಲ್ಲಿ ಇದನ್ನು ಮತ್ತೊಮ್ಮೆ ಖಚಿತಪಡಿಸಿದರು. ಆದರೆ ಮಗು ಹುಟ್ಟಿ, ಅತ್ತು, ತಾಯಿಯ ಮಗ್ಗುಲಲ್ಲಿ ಮಲಗಿದ ಮೇಲೆ ಆ ತಾಯಿಯ ರಕ್ತ ನಿಲ್ಲಿಸಲು ಕೊಡುವ ಗುಳಿಗೆ ಜೀವ ಉಳಿಸುವ ಕಾರ್ಯ. ಅದೇ ಚಾಕು ವೈದ್ಯನ ಕೈಯಲ್ಲಿ ಒಂದು, ಕೊಲೆಗಾರನ ಕೈಯಲ್ಲಿ ಇನ್ನೊಂದು. ವಸ್ತುವಿನಲ್ಲಿ ಪಾಪವಿಲ್ಲ; ಅದನ್ನು ಯಾವ ಉದ್ದೇಶಕ್ಕೆ, ಯಾವ ಕ್ರಿಯೆಗೆ ಬಳಸುತ್ತೇವೆಂಬುದರಲ್ಲಿ ಧರ್ಮಾಧರ್ಮಗಳಿವೆ. ಹೆರಿಗೆಯ ನಂತರ ದಾದಿ ಈ ಗುಳಿಗೆ ಕೊಟ್ಟರೆ ನಮ್ಮ ಹೆಣ್ಣುಮಕ್ಕಳು ಅಳುಕಬೇಕಾಗಿಲ್ಲ. ಹೆರಿಗೆಗೆ ಮೊದಲು ಮಾತ್ರ ಇದನ್ನು ಯಾರೂ ತಾವಾಗಿ ತೆಗೆದುಕೊಳ್ಳಬಾರದು. ಅದು ತಾಯಿ ಮಗು ಇಬ್ಬರಿಗೂ ಅಪಾಯಕರ.

ಬೀದರಿನವರೆಗೆ ಬಂದ ‘ಸುಕ್ಷೇಮ’

ಬೆಳಗಾವಿಯ ಪರೀಕ್ಷೆ ನಡೆದ ಕಾಲಕ್ಕೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. 2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು ಶೇ. 65 ಮಾತ್ರ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದವು. 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, 2008ರಲ್ಲಿ ಬಂದ 108 ಆಂಬುಲೆನ್ಸ್, ಇವುಗಳಿಂದಾಗಿ 2019–21ರ ಹೊತ್ತಿಗೆ ಅದು ಶೇ. 97ಕ್ಕೆ ಏರಿತು. ತಾಯಂದಿರೇನೋ ಆಸ್ಪತ್ರೆಗೆ ಬಂದರು. ಅಲ್ಲಿ ಅವರಿಗೆ ಸಿಗುವ ಆರೈಕೆ ಹೇಗಿದೆ ಎಂಬ ಪ್ರಶ್ನೆ ಮುಂದೆ ಬಂದಿತು.

ಈ ಪ್ರಶ್ನೆಯನ್ನು ಎತ್ತಿಕೊಂಡದ್ದು 2009ರಲ್ಲಿ ಆರಂಭವಾದ ‘ಸುಕ್ಷೇಮ’ ಯೋಜನೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯಗಳು ರಾಜ್ಯ ಸರಕಾರದೊಡನೆ ಕೂಡಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಾಗಲಕೋಟೆ, ವಿಜಯಪುರ ಎಂಬ ಎಂಟು ಜಿಲ್ಲೆಗಳಲ್ಲಿ ತಾಯಿ ಮಕ್ಕಳ ಆರೋಗ್ಯಕ್ಕಾಗಿ ಇದನ್ನು ನಡೆಸಿದವು. ಬೆಂಗಳೂರಿನಲ್ಲಿರುವ ನಮ್ಮ ಸಂತ ಯೊವಾನ್ನರ ವೈದ್ಯಕೀಯ ಸಂಸ್ಥೆ, ಎಲ್ಲರೂ ‘ಸೇಂಟ್ ಜಾನ್ಸ್’ ಎಂದು ಕರೆಯುವ ಸಂಸ್ಥೆ, ಇದರಲ್ಲಿ ಸಹಭಾಗಿಯಾಗಿ ದಾದಿಯರ ತರಬೇತಿಗೆ ಹೆಗಲು ಕೊಟ್ಟಿತು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಅವರು ಕಂಡುಕೊಂಡ ಮಾರ್ಗ ಸರಳವಾದುದು. ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯನ್ನು ನಗರಕ್ಕೆ ಕರೆಸಿ ಉಪನ್ಯಾಸ ಕೇಳಿಸುವ ಬದಲು, ಅನುಭವಿ ದಾದಿಯೊಬ್ಬಳೇ ಕೇಂದ್ರಕ್ಕೆ ಹೋಗಬೇಕು. ಹೆರಿಗೆ ಕೋಣೆಯಲ್ಲಿ ಅವಳ ಪಕ್ಕದಲ್ಲಿ ನಿಂತು, ಔಷಧದ ಕಪಾಟು ತೆರೆದು ನೋಡಿ, ದಾಖಲೆ ಬರೆಯುವುದನ್ನು ತಿದ್ದಿ, ಕೆಲವು ತಿಂಗಳ ನಂತರ ಮತ್ತೆ ಬರಬೇಕು. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಅರ್ಧರ್ಧವಾಗಿ ವಿಂಗಡಿಸಿ ಈ ಕ್ರಮವನ್ನು ಪರೀಕ್ಷಿಸಿದರು. ಮಾರ್ಗದರ್ಶಕಿ ಭೇಟಿ ಕೊಟ್ಟ ಕೇಂದ್ರಗಳಲ್ಲಿ ತೊಡಕಿನ ಹೆರಿಗೆಗೆ ಬೇಕಾದ ಸಿದ್ಧತೆಯೂ ದಾದಿಯರ ತಿಳಿವಳಿಕೆಯೂ ಮೇಲಾಗಿದ್ದವು. ಈ ವಿವರಗಳು 2016ರಲ್ಲಿ ಪ್ರಕಟವಾದವು. ಆಶಾ ಕಾರ್ಯಕರ್ತೆಯರು ಗರ್ಭಿಣಿಯರನ್ನು ಮೊದಲೇ ಗುರುತಿಸಿ, ಬಾಣಂತನದವರೆಗೂ ಮರೆಯದೆ ಹಿಂಬಾಲಿಸಲು ನೆರವಾಗುವ ಸರಳ ನಮೂನೆಗಳನ್ನೂ ಈ ಯೋಜನೆ ರೂಪಿಸಿತು. ತವರಿಗೂ ಗಂಡನ ಮನೆಗೂ ನಡುವೆ ಗಡಿ ದಾಟುವ ಬಸವಕಲ್ಯಾಣದ ಹೆಣ್ಣುಮಕ್ಕಳಿಗೆ ಇದರ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೂ ನೆಮ್ಮದಿಯ ನಿಟ್ಟುಸಿರು ಬಿಡುವ ಕಾಲ ಬಂದಿಲ್ಲ. 2018–20ರ ಲೆಕ್ಕದಂತೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಸಾಯುತ್ತಿದ್ದರು. ದೇಶದ ಸರಾಸರಿ 97 ಇದ್ದುದರಿಂದ ಇದು ಸಮಾಧಾನವೆನಿಸಬಹುದು. ಆದರೆ ಅದೇ ಅವಧಿಯಲ್ಲಿ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ತಮಿಳುನಾಡಿನಲ್ಲಿ 54. ದಕ್ಷಿಣದ ರಾಜ್ಯಗಳಲ್ಲಿ ನಾವೇ ಹಿಂದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಒಬ್ಬರ ಹಿಂದೊಬ್ಬರಂತೆ ಬಾಣಂತಿಯರು ತೀರಿಕೊಂಡಾಗ, ಅವರಿಗೆ ಕೊಟ್ಟ ದ್ರಾವಣದ ಗುಣಮಟ್ಟದ ಬಗ್ಗೆಯೇ ಪ್ರಶ್ನೆ ಎದ್ದು ಇಡೀ ರಾಜ್ಯ ತಲ್ಲಣಿಸಿತು. ಕಾಗದದ ಮೇಲಿನ ಜ್ಞಾನ ಎಷ್ಟೇ ಇರಲಿ, ಹಾಸಿಗೆಯ ಪಕ್ಕದಲ್ಲಿ ಅದು ಕೈಕೊಟ್ಟರೆ ಮನೆಯೊಂದು ತಬ್ಬಲಿಯಾಗುತ್ತದೆ.

ಬಡವರು ಪ್ರಯೋಗದ ಪಶುಗಳಲ್ಲ

ಸಂಶೋಧನೆಯ ಇನ್ನೊಂದು ಮುಖವನ್ನೂ ನೋಡಬೇಕು. ಬಡ ಸೀಮೆಗಳಲ್ಲಿ ರೋಗಿಗಳು ಸುಲಭವಾಗಿ ಸಿಗುತ್ತಾರೆ, ಪ್ರಶ್ನೆ ಕೇಳುವವರು ಕಡಿಮೆ ಎಂಬ ಲೆಕ್ಕಾಚಾರದಿಂದ ಬರುವ ಸಂಶೋಧನೆಯೂ ಉಂಟು. 2009ರಲ್ಲಿ ಅಂದಿನ ಅವಿಭಜಿತ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಸುಮಾರು 14,000 ಬಾಲಕಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಅಧ್ಯಯನದ ಅಂಗವಾಗಿ ಹಾಕಲಾಯಿತು. ಅವರಲ್ಲಿ ಅನೇಕರು ಬುಡಕಟ್ಟಿನ, ವಸತಿನಿಲಯದ ಮಕ್ಕಳು. ತಂದೆತಾಯಿಯರ ಬದಲು ವಸತಿನಿಲಯದ ಮೇಲ್ವಿಚಾರಕರೇ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ ಸಂಗತಿ ಬಯಲಾಗಿ, 2010ರಲ್ಲಿ ಕೇಂದ್ರ ಸರಕಾರ ಅದನ್ನು ನಿಲ್ಲಿಸಿತು. ವರದಿಯಾದ ಕೆಲವು ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಸಿದ್ಧವಾಗಲಿಲ್ಲ. ಲಸಿಕೆ ಒಳ್ಳೆಯದೇ. ಆದರೆ 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಒಪ್ಪಿಗೆ ಪಡೆದ ರೀತಿಯನ್ನು ಕಟುವಾಗಿ ಖಂಡಿಸಿತು. ಒಳ್ಳೆಯ ವಸ್ತುವನ್ನೂ ಕೊಡುವ ಕ್ರಮದಲ್ಲಿ ಮನುಷ್ಯನ ಘನತೆಯನ್ನು ತುಳಿಯಬಾರದು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಈ ವಿಷಯದಲ್ಲಿ ಧರ್ಮಸಭೆಯ ನಿಲುವು ಹಳೆಯದು, ಸ್ಪಷ್ಟವಾದುದು. ಮನುಷ್ಯರ ಮೇಲಿನ ಪ್ರಯೋಗಗಳ ಬಗ್ಗೆ ಜಗತ್ತಿನ ವೈದ್ಯರು 1964ರಲ್ಲಿ ಹೆಲ್ಸಿಂಕಿಯಲ್ಲಿ ಘೋಷಣೆ ಹೊರಡಿಸುವುದಕ್ಕೆ 12 ವರ್ಷ ಮೊದಲೇ, 1952ರ ಸೆಪ್ಟೆಂಬರಿನಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ವೈದ್ಯ ವಿಜ್ಞಾನಿಗಳ ಸಭೆಯೊಂದರಲ್ಲಿ ಮಾತನಾಡಿದ್ದರು. ವಿಜ್ಞಾನದ ಹಿತವಾಗಲಿ, ಸಮಾಜದ ಹಿತವಾಗಲಿ ವ್ಯಕ್ತಿಯನ್ನು ಬರಿಯ ಸಾಧನವಾಗಿ ಬಳಸುವ ಹಕ್ಕನ್ನು ಕೊಡುವುದಿಲ್ಲ ಎಂಬುದು ಅವರ ಉಪದೇಶದ ತಿರುಳು.

ಆದ್ದರಿಂದ ನಮ್ಮ ಊರಿಗೆ ಅಧ್ಯಯನದವರು ಬಂದಾಗ ಹೆದರಬೇಕಾಗಿಲ್ಲ, ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಬೇಕಾಗಿಯೂ ಇಲ್ಲ. ಇದು ಯಾವ ಅಧ್ಯಯನ? ನನಗೇನು ಲಾಭ, ಏನು ಅಪಾಯ? ಬೇಡವೆಂದರೆ ನನ್ನ ಚಿಕಿತ್ಸೆಗೆ ತೊಂದರೆಯಾಗುವುದೇ? ನಡುವೆ ಬಿಟ್ಟುಬಿಡಬಹುದೇ? ಔಷಧದಿಂದ ಕೇಡಾದರೆ ನೋಡಿಕೊಳ್ಳುವವರು ಯಾರು? ಅಧ್ಯಯನ ಮುಗಿದ ಮೇಲೆ ಈ ಔಷಧ ನಮ್ಮೂರಿಗೆ ಸಿಗುವುದೇ? ಇವನ್ನು ಕೇಳುವುದು ಪ್ರತಿಯೊಬ್ಬರ ಹಕ್ಕು. ಉತ್ತರ ನಮ್ಮ ಮನೆಮಾತಿನಲ್ಲಿಯೇ ಬರಬೇಕು. ಮರಾಠಿ ಆಡುವ ಅಜ್ಜಿಗೆ ಮರಾಠಿಯಲ್ಲಿ, ಉರ್ದು ಆಡುವ ಸೊಸೆಗೆ ಉರ್ದುವಿನಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಕಾಯಕದ ಜನರೂ ಹೆಣ್ಣುಮಕ್ಕಳೂ ಸರಿಸಮನಾಗಿ ಕುಳಿತು ಪ್ರಶ್ನಿಸಿದ ಅನುಭವ ಮಂಟಪದ ಊರಿನಲ್ಲಿ ಪ್ರಶ್ನೆ ಕೇಳುವುದನ್ನು ಯಾರೂ ಅವಿನಯವೆನ್ನಲಾರರು.

ಹೆರಿಗೆ ಕೋಣೆಗೆ ಧರ್ಮಭಗಿನಿಯರು ಬಂದ ಬಗೆ

ಇಂದು ಕನ್ಯಾಸ್ತ್ರೀಯರು ನಡೆಸುವ ಆಸ್ಪತ್ರೆಗಳನ್ನು ಕಂಡವರಿಗೆ, ಒಂದು ಕಾಲದಲ್ಲಿ ಅವರು ಹೆರಿಗೆ ಮಾಡಿಸುವಂತಿರಲಿಲ್ಲ ಎಂದರೆ ಆಶ್ಚರ್ಯವಾದೀತು. ವ್ರತಧಾರಿಗಳು ವೈದ್ಯವೃತ್ತಿ ನಡೆಸುವುದಕ್ಕೂ ಪ್ರಸೂತಿ ಸೇವೆಗೂ ಅಂದು ಧರ್ಮಸಭೆಯ ಅನುಮತಿ ಇರಲಿಲ್ಲ. ಪರ್ದಾದಲ್ಲಿದ್ದು ಪುರುಷ ವೈದ್ಯರ ಬಳಿ ಹೋಗಲಾರದ ಭಾರತದ ಹೆಣ್ಣುಮಕ್ಕಳ ಗೋಳನ್ನು ಕಂಡು ಸ್ಕಾಟ್ಲೆಂಡಿನ ಡಾ. ಆ್ಯಗ್ನೆಸ್ ಮೆಕ್‌ಲಾರೆನ್ ಈ ನಿಯಮ ಸಡಿಲಿಸಬೇಕೆಂದು ರೋಮಿಗೆ ಮತ್ತೆ ಮತ್ತೆ ಮೊರೆಯಿಟ್ಟರು. 1913ರಲ್ಲಿ ತೀರಿಕೊಂಡ ಅವರು ತಮ್ಮ ಪ್ರಯತ್ನದ ಫಲವನ್ನು ಕಾಣಲಿಲ್ಲ.

ಅವರ ಕಥೆಯನ್ನು ಓದಿ ಮನಕರಗಿದವರಲ್ಲಿ ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ ಒಬ್ಬರು. 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು, ಜೆ.ಎಂ.ಜೆ. ಭಗಿನಿಯರ ಸಭೆ ಸೇರಿ, ಜಗದ್ಗುರುಗಳಿಂದ ವಿಶೇಷ ಅನುಮತಿ ಪಡೆದು ವೈದ್ಯೆಯಾಗಿಯೇ ಸೇವೆ ಸಲ್ಲಿಸಿದರು. ಎಲ್ಲ ಧರ್ಮಭಗಿನಿಯರಿಗೂ ಪ್ರಸೂತಿ ಸೇವೆಯ ಬಾಗಿಲು ತೆರೆದದ್ದು 1936ರ ಫೆಬ್ರವರಿ 11ರಂದು, ಲೂರ್ದುಮಾತೆಯ ಹಬ್ಬದ ದಿನ. ಇಂದು ಅದೇ ದಿನವನ್ನು ನಾವು ವಿಶ್ವ ರೋಗಿಗಳ ದಿನವಾಗಿ ಆಚರಿಸುತ್ತೇವೆ. 1943ರಲ್ಲಿ ಭಗಿನಿ ಮೇರಿ ಗ್ಲೌರಿ ದೇಶದ ಕಥೋಲಿಕ ಆಸ್ಪತ್ರೆಗಳನ್ನು ಒಂದುಗೂಡಿಸುವ ಸಂಘ ಕಟ್ಟಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ಕನಸಾಗಿತ್ತು. 1957ರಲ್ಲಿ ಅವರು ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು. ಆರು ವರ್ಷಗಳ ನಂತರ, 1963ರಲ್ಲಿ ಅದೇ ನಗರದಲ್ಲಿ ಸೇಂಟ್ ಜಾನ್ಸ್ ಆರಂಭವಾಯಿತು. ಗುಂಟೂರಿನ ಹೆರಿಗೆ ಕೋಣೆಯಲ್ಲಿ ಬಿತ್ತಿದ ಬೀಜ ‘ಸುಕ್ಷೇಮ’ದ ಮೂಲಕ ಬೀದರ ಸೀಮೆಯ ಹೆರಿಗೆ ಕೋಣೆಗಳ ಹಾದಿ ಹಿಡಿದ ಪರಿ ಇದು.

ಬೀದರ ಸೀಮೆಯಲ್ಲಿ ಮೆಥೊಡಿಸ್ಟ್ ಸಹೋದರರು ನಮಗಿಂತ ಮೊದಲೇ ಬಂದು ವೈದ್ಯಸೇವೆಯಲ್ಲಿ ತೊಡಗಿದವರು. 2005ರಲ್ಲಿ ಗುಲ್ಬರ್ಗಾ ಧರ್ಮಕ್ಷೇತ್ರ ಸ್ಥಾಪನೆಯಾಗಿ ಬೀದರ ಜಿಲ್ಲೆಯೂ ಅದರ ವ್ಯಾಪ್ತಿಗೆ ಬಂದಿತು. ಪರಮಪೂಜ್ಯ ರಾಬರ್ಟ್ ಮೈಕಲ್ ಮಿರಾಂದ ಅದರ ಮೊದಲ ಧರ್ಮಾಧ್ಯಕ್ಷರಾದರು. ಸಂಖ್ಯೆಯಲ್ಲಿ ಇಲ್ಲಿ ನಾವು ಚಿಕ್ಕವರು. ಆದರೆ ಸೇವೆಗೆ ಸಂಖ್ಯೆ ಅಡ್ಡಿಯಲ್ಲ.

ನಮ್ಮ ಪಾಲಿನ ಕರ್ತವ್ಯ

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯ ಕಥೆಯನ್ನು ನಾವೆಲ್ಲ ಶುಭಸಂದೇಶದಲ್ಲಿ ಕೇಳಿದ್ದೇವೆ. ವೈದ್ಯರ ಬಳಿ ಅಲೆದು ಇದ್ದುದನ್ನೆಲ್ಲ ಕಳೆದುಕೊಂಡಿದ್ದ ಅವಳು ಗುಂಪಿನ ನಡುವೆ ಯಾರಿಗೂ ಕಾಣದಂತೆ ಬಂದು ಪ್ರಭುವಿನ ಉಡುಪನ್ನು ಮುಟ್ಟಿದಳು. ಪ್ರಭು ಅವಳನ್ನು ಗುಣಪಡಿಸಿ ಸುಮ್ಮನಾಗಲಿಲ್ಲ. ನಿಂತರು, ಹುಡುಕಿದರು, ಎಲ್ಲರ ಮುಂದೆ ಮಗಳೇ ಎಂದು ಕರೆದರು. ಸಂಶೋಧನೆಯ ಪಟ್ಟಿಯಲ್ಲಿ ಬರಿಯ ಸಂಖ್ಯೆಯಾಗಿ ಉಳಿದ ತಾಯಿಗೆ ನಾವು ಸಲ್ಲಿಸಬೇಕಾದ ಋಣವೂ ಇಂತಹುದೇ. ಅವಳಿಂದ ಪಡೆದ ಜ್ಞಾನ ಅವಳ ಮಗಳ ಹೆರಿಗೆಯ ಹೊತ್ತಿಗೆ ಅವಳ ಊರಿನಲ್ಲಿ ಇರಬೇಕು.

ಅದಕ್ಕಾಗಿ ಪ್ರತಿ ಕುಟುಂಬ ಮಾಡಬಹುದಾದ ಕೆಲಸಗಳಿವೆ. ಮನೆಯ ಗರ್ಭಿಣಿಯ ಹೆಸರನ್ನು ಬೇಗನೆ ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ತವರಿಗೆ ಹೊರಟಾಗ ಬಟ್ಟೆಬರೆಯೊಡನೆ ಆ ಕಾರ್ಡೂ ಹೋಗಲಿ, ಎರಡೂ ಊರಿನ ಆಶಾ ಕಾರ್ಯಕರ್ತೆಯರಿಗೆ ಸುದ್ದಿ ಇರಲಿ. ರಕ್ತದ ಪರೀಕ್ಷೆ ಮಾಡಿಸಿ ಕಬ್ಬಿಣದ ಗುಳಿಗೆಗಳನ್ನು ತಪ್ಪದೆ ಕೊಡಿ. ಅತ್ತೆಯೋ ಗಂಡನೋ ಎದುರಿಗೆ ನಿಂತು ನುಂಗಿಸಿದರೆ ಅದಕ್ಕಿಂತ ದೊಡ್ಡ ಪ್ರೀತಿ ಬೇರೆಯಿಲ್ಲ. ಅವಳ ರಕ್ತದ ಗುಂಪು ಯಾವುದು, ಅದೇ ಗುಂಪಿನವರು ನೆಂಟರಲ್ಲಿ, ನೆರೆಯಲ್ಲಿ ಯಾರಿದ್ದಾರೆ ಎಂದು ಮೊದಲೇ ಬರೆದಿಡಿ. ವಾಹನ ಯಾವುದು, ಜೊತೆಗೆ ಹೋಗುವವರು ಯಾರು, 108 ಬರುವುದು ತಡವಾದರೆ ಏನು ಎಂಬುದನ್ನು ನೋವು ಬರುವ ಮುನ್ನವೇ ತೀರ್ಮಾನಿಸಿ.

ಹೆರಿಗೆಯಾದ ಕೂಡಲೆ ಗರ್ಭಕೋಶ ಕುಗ್ಗಿಸುವ ಔಷಧ ಕೊಟ್ಟಿದ್ದಾರೆಯೇ ಎಂದು ವಿನಯದಿಂದ ಕೇಳಿ. ಕೂಸಿಗೆ ಬೇಗ ಮೊಲೆಯೂಡಿಸಿ. ಅದರಿಂದಲೂ ಗರ್ಭಕೋಶ ಕುಗ್ಗುತ್ತದೆ. ಮೊದಲ ಎರಡು ಗಂಟೆ ಎಲ್ಲರೂ ಕೂಸಿನ ಸುತ್ತ ನೆರೆಯದೆ ಒಬ್ಬರಾದರೂ ತಾಯಿಯ ಕಡೆ ಕಣ್ಣಿಟ್ಟಿರಿ. ಬಟ್ಟೆಯ ಮೇಲೆ ಬಟ್ಟೆ ತೊಯ್ಯುತ್ತಿದ್ದರೆ, ಅವಳ ಮೈ ತಣ್ಣಗಾಗಿ ಬೆವರುತ್ತಿದ್ದರೆ, ತಲೆ ಸುತ್ತುತ್ತದೆ ಎಂದರೆ, ಬಾಣಂತಿಗೆ ಇದೆಲ್ಲ ಸಹಜ ಎನ್ನದೆ ದಾದಿಯನ್ನು ಕರೆಯಿರಿ. ಎರಡು ದಿನಗಳಾದರೂ ಆಸ್ಪತ್ರೆಯಲ್ಲಿರಿಸಿ.

ಧರ್ಮಕೇಂದ್ರಗಳು ಮಾಡಬಹುದಾದ ಕೆಲಸವೂ ಬೇಕಾದಷ್ಟಿದೆ. ಮಹಿಳಾ ಸಂಘಟನೆಗಳು ಆಶಾ ಕಾರ್ಯಕರ್ತೆಯನ್ನು ಬಲಿಪೂಜೆಯ ನಂತರದ ಸಭೆಗೆ ಕರೆಯಬಹುದು. ಯುವಕರ ಸಂಘಗಳು ಜಾತಿಮತ ನೋಡದೆ ರಕ್ತದಾನಿಗಳ ಪಟ್ಟಿ ಸಿದ್ಧಪಡಿಸಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಸಂಗ್ರಹ ಘಟಕ ನಡೆಯುತ್ತಿದೆಯೇ, ಆಕ್ಸಿಟೋಸಿನ್ ತಂಪಿನಲ್ಲಿದೆಯೇ, ಅಳತೆಯ ಚೀಲ ಬಂದಿದೆಯೇ, ರಾತ್ರಿ ದಾದಿ ಇರುತ್ತಾಳೆಯೇ ಎಂದು ಆರೋಗ್ಯ ಸಮಿತಿಗಳಲ್ಲಿ ನಮ್ಮವರು ಕೇಳಬಹುದು. ಕೇಳುವುದು ಜಗಳವಲ್ಲ, ಅದು ನೆರೆಯವರ ಮೇಲಿನ ಪ್ರೀತಿ. ನಮ್ಮ ಹೆಣ್ಣುಮಕ್ಕಳಲ್ಲಿ ಒಬ್ಬಿಬ್ಬರಾದರೂ ದಾದಿಯರಾಗಿ ಕಲಿತು, ದೂರದ ದೇಶಗಳಿಗೆ ಹೋಗುವ ಮುನ್ನ ಕೆಲವು ವರ್ಷ ಇಂತಹ ಸೀಮೆಯಲ್ಲಿ ದುಡಿದರೆ ಅದು ಪುಣ್ಯದ ಕಾರ್ಯ.

ಮಾತೆ ಮರಿಯಮ್ಮನವರು ಗರ್ಭಿಣಿಯಾದ ಎಲಿಜಬೇತಮ್ಮನ ಸುದ್ದಿ ತಿಳಿದೊಡನೆ ಬೆಟ್ಟದ ಸೀಮೆಗೆ ಆತುರದಿಂದ ಹೊರಟರು, ಸುಮಾರು ಮೂರು ತಿಂಗಳು ಅವಳ ಮನೆಯಲ್ಲಿ ಉಳಿದರು. ಈ ಭೇಟಿಯ ಹಬ್ಬವನ್ನು ನಾವು ಪ್ರತಿವರ್ಷ ಮೇ 31ರಂದು ಆಚರಿಸುತ್ತೇವೆ. ಬಾಣಂತಿಯ ಪಕ್ಕದಲ್ಲಿ ಇರುವುದು, ಎಚ್ಚರದಿಂದ ಇರುವುದು, ಬೇಗ ಕೈ ಹಚ್ಚುವುದು: ವಿಜ್ಞಾನ ಇಷ್ಟು ವರ್ಷ ಅಳೆದು ತೂಗಿ ಹೇಳಿದ್ದೂ ಇದನ್ನೇ. ಬಸವಕಲ್ಯಾಣದಲ್ಲಾಗಲಿ, ಹುಮನಾಬಾದಿನಲ್ಲಾಗಲಿ, ನಮ್ಮ ನೆರೆಯ ಯಾವ ಹೆಣ್ಣುಮಗಳ ಹೆರಿಗೆ ಮುಂದಿನ ತಿಂಗಳಿದೆ ಎಂದು ಈ ಭಾನುವಾರ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಕೆಲಸ ಅಲ್ಲಿಂದಲೇ ಆರಂಭವಾಗಲಿ.